ಡಾಕ್ಟರರ ಚೀಟಿಯ ಶಬ್ದ, ದುಡಿಯುವವನ ಬದುಕು

(ಸಾಂಬ್ರಾಣಿಯಲ್ಲಿ ಗಿರಣಿ ಕಾಮಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾವು ಮಾತನಾಡಬೇಕೆಂದಿರುವುದು ಕೂಲಿಯ ದರವನ್ನು ಕುರಿತಲ್ಲ, ತೆರಿಗೆಯನ್ನು ಕುರಿತೂ ಅಲ್ಲ; ಶಬ್ದಗಳನ್ನು ಕುರಿತು. ದವಾಖಾನೆಯಲ್ಲಿ ಕಿವಿಗೆ ಬೀಳುವ, ಚೀಟಿಯ ಮೇಲೆ ಗೀಚಿ ಬರುವ, ನಮ್ಮಲ್ಲಿ ಬಹುಜನರಿಗೆ ಅರ್ಥವಾಗದ ಶಬ್ದಗಳನ್ನು ಕುರಿತು. ಇದು ಶಾಲೆಯ ಮಾಸ್ತರರ ಕೆಲಸವಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅಲ್ಲವೆಂಬುದೇ ನಮ್ಮ ವಾದ. ರೋಗದ ಹೆಸರು ತಪ್ಪಿದರೆ ಔಷಧ ತಪ್ಪುತ್ತದೆ. ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಿದರೆ ಕಾಮಗಾರನಿಗೆ ಬರಬೇಕಾದ ಪರಿಹಾರ ತಪ್ಪುತ್ತದೆ. ಊರ ಬಾಯಿಗೆ ಕೆಟ್ಟ ಹೆಸರು ಸಿಕ್ಕರೆ ಒಂದು ಸಂಸಾರವೇ ಒಡೆಯುತ್ತದೆ. ಈ ಮೂರನ್ನೂ ಒಂದೊಂದಾಗಿ ವಿಚಾರಿಸೋಣ.

ಈ ಊರಿನ ಹೆಸರಿರುವ ವಸ್ತುವಿನಿಂದಲೇ ಆರಂಭ ಮಾಡುತ್ತೇವೆ. ಧೂಪದ ಸಾಂಬ್ರಾಣಿ ನಿಮಗೆಲ್ಲ ಗೊತ್ತು. ಕೂಸಿಗೆ ಎರೆದ ಮೇಲೆ ಅದರ ಹೊಗೆ ಹಾಕುತ್ತಾರೆ; ಗಾಳಿ ಸೋಂಕಿತೆಂದರೂ ಅದರದೇ ಹೊಗೆ. ಜಾವಾ, ಸುಮಾತ್ರಾ ಕಡೆಯಿಂದ ಬರುತ್ತಿದ್ದ ಈ ಮರದ ಅಂಟನ್ನು ಅರಬ ವ್ಯಾಪಾರಿಗಳು 'ಲುಬಾನ್ ಜಾವಿ', ಅಂದರೆ ಜಾವಾದ ಧೂಪ, ಎಂದು ಕರೆದರು. ಯುರೋಪಿನವರ ಬಾಯಿಗೆ ಬಿದ್ದು ಅದು ಸವೆಯುತ್ತ ಸವೆಯುತ್ತ 'ಬೆಂಜೊಯಿನ್' ಆಯಿತು. ನೆಗಡಿ ಕಟ್ಟಿದವನಿಗೆ ಬಿಸಿನೀರಿನ ಹಬೆಯಲ್ಲಿ ಹಾಕಿ ಕೊಡುವ 'ಟಿಂಚರ್ ಬೆಂಜೊಯಿನ್' ಎಂಬುದು ಮದ್ಯಸಾರದಲ್ಲಿ ಕರಗಿಸಿದ ಇದೇ ಸಾಂಬ್ರಾಣಿ. ಶೀಶೆಯ ಮೇಲೆ ಓದಿದಾಗ ಹೆದರಿಸುವ ಶಬ್ದ, ಬಿಚ್ಚಿ ನೋಡಿದರೆ ನಮ್ಮ ಅಡಿಗೆಮನೆಯ ಗೂಡಿನಲ್ಲಿಯೇ ಕುಳಿತಿದೆ! ವೈದ್ಯಕೀಯದ ಶಬ್ದಗಳಲ್ಲಿ ಮುಕ್ಕಾಲು ಪಾಲು ಹೀಗೆಯೇ. ಗ್ರೀಕರು, ಲ್ಯಾಟಿನರು ತಮ್ಮ ಮನೆಮಾತಿನಲ್ಲಿ ಸರಳವಾಗಿ ಆಡಿದುದು ನಮ್ಮ ಪಾಲಿಗೆ ಮಂತ್ರವಾಗಿ ನಿಂತಿದೆ.

ಮಂತ್ರವನ್ನು ಬಿಡಿಸುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ನಾಲ್ಕಾರು ತುಂಡುಗಳನ್ನು ತಿಳಿದರೆ ನೂರಾರು ಶಬ್ದಗಳ ಬೀಗ ತೆರೆಯುತ್ತದೆ. ಶಬ್ದದ ಕೊನೆಗೆ 'ಐಟಿಸ್' ಬಂದರೆ ಆ ಅಂಗಕ್ಕೆ ಉರಿಯೂತ ಎಂದರ್ಥ: ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ, ಆರ್ಥ್ರೈಟಿಸ್ ಎಂದರೆ ಕೀಲಿನದು, ಬ್ರಾಂಕೈಟಿಸ್ ಎಂದರೆ ಶ್ವಾಸನಾಳದ್ದು. 'ಸ್ಕೋಪಿ' ಎಂದರೆ ಒಳಗೆ ನೋಡುವುದು. 'ಎಕ್ಟಮಿ' ಎಂದರೆ ಕೊಯ್ದು ತೆಗೆಯುವುದು. ಈ ಕೊನೆಯದು ಕಾಗದದ ಮೇಲಿದ್ದರೆ ಹೆಬ್ಬೆಟ್ಟು ಒತ್ತುವ ಮೊದಲು ಯಾವುದನ್ನು ತೆಗೆಯುತ್ತಾರೆಂದು ಕೇಳಲೇಬೇಕು. 'ಹೈಪರ್' ಎಂದರೆ ಹೆಚ್ಚು, 'ಹೈಪೊ' ಎಂದರೆ ಕಡಿಮೆ. ಅಂತರ ಒಂದೇ ಅಕ್ಷರದ್ದಾದರೂ ಪ್ರಾಣದ ಅಂತರ. ಸಕ್ಕರೆ ಕಾಯಿಲೆಯವನು ಔಷಧ ತಕ್ಕೊಂಡು ಉಣ್ಣದೆ ಪಾಳಿಗೆ ಹೋದಾಗ ಕೈ ನಡುಗಿ, ಬೆವೆತು, ಕಣ್ಣಿಗೆ ಕತ್ತಲೆ ಕವಿದರೆ ಅದು 'ಹೈಪೊ' ಇರಬಹುದು. ಮಾತನಾಡುವ, ನುಂಗುವ ಎಚ್ಚರವಿದ್ದರೆ ಅವನಿಗೆ ಆ ಗಳಿಗೆಯಲ್ಲಿ ಬೇಕಾದುದು ಸಕ್ಕರೆಯೇ. ಸಕ್ಕರೆ ರೋಗದವನಿಗೆ ಸಕ್ಕರೆ ಕೊಡಬಾರದೆಂದು ಸುತ್ತ ನಿಂತು ನೋಡಿದರೆ ಕೇಡಾದೀತು.

ಇನ್ನು ಎರಡು ಶಬ್ದಗಳು ದಿನವೂ ತಪ್ಪು ಅರ್ಥದಲ್ಲಿ ತಿರುಗುತ್ತಿವೆ. 'ಕ್ರಾನಿಕ್' ಎಂದರೆ ಭಾರೀ ರೋಗವೆಂದು ತಿಳಿದು ಜನ ಎದೆಗುಂದುತ್ತಾರೆ. ಅದರ ಅರ್ಥ ಬಹುಕಾಲದ್ದು ಎಂದಷ್ಟೇ. ಗ್ರೀಕಿನಲ್ಲಿ ಕಾಲಕ್ಕೆ ಇರುವ ಶಬ್ದದಿಂದ ಬಂದದ್ದು. 'ಅಕ್ಯೂಟ್' ಎಂದರೆ ಒಮ್ಮೆಗೇ ಏರಿ ಬಂದದ್ದು. ಎರಡನೆಯದು 'ಹೈಪರ್‌ಟೆನ್ಶನ್'. ನಮ್ಮ ಜನಕ್ಕೆ 'ಟೆನ್ಶನ್' ಎಂದರೆ ಸಾಲಗಾರ ಬಾಗಿಲಿಗೆ ಬಂದಾಗಿನ ಚಿಂತೆ. ಆದುದರಿಂದ ಚಿಂತೆ ಕಡಿಮೆಯಾದ ದಿನ ಗುಳಿಗೆ ಬಿಡುತ್ತಾರೆ. ಇಲ್ಲಿ ಟೆನ್ಶನ್ ಎಂಬುದು ಮನಸ್ಸಿನದಲ್ಲ, ರಕ್ತನಾಳದೊಳಗಿನ ಒತ್ತಡದ್ದು. ನಗುನಗುತ್ತ ಗಲ್ಲೆಯ ಮೇಲೆ ಕುಳಿತ ಅಂಗಡಿಕಾರನಿಗೂ ಅದು ಇರಬಹುದು, ಬಹುಕಾಲ ಯಾವ ತೊಂದರೆಯನ್ನೂ ತೋರದೆ ಇರಬಹುದು. ಗುಳಿಗೆ ಬಿಟ್ಟು ಲಕ್ವ ಹೊಡೆದ ಮೇಲೆ ಶಬ್ದಾರ್ಥ ಕಲಿತು ಪ್ರಯೋಜನವೇನು?

ಕಾಮಣಿಯ ಮಾತೂ ಹಾಗೆಯೇ. 'ಜಾಂಡೀಸ್' ಎಂಬುದು ಫ್ರೆಂಚರು ಹಳದಿಗೆ ಹೇಳುವ ಶಬ್ದದಿಂದ ಹುಟ್ಟಿತು. ಅದು ರೋಗದ ಹೆಸರಲ್ಲ, ಚಿಹ್ನೆಯ ಹೆಸರು. ಕಣ್ಣು ಹಳದಿಯಾಗುವುದು ಕೆಟ್ಟ ನೀರಿನಿಂದ ಬಂದ ಹೆಪಟೈಟಿಸ್‌ನಿಂದಲೂ ಆದೀತು, ಪಿತ್ತನಾಳದಲ್ಲಿ ಸಿಕ್ಕ ಕಲ್ಲಿನಿಂದಲೂ ಆದೀತು, ಸೆರೆಯಿಂದ ಕೆಟ್ಟ ಯಕೃತ್ತಿನಿಂದಲೂ ಆದೀತು. ಮೂರಕ್ಕೂ ಒಂದೇ ಬೇರು, ಒಂದೇ ಬರೆ ಎಂದರೆ ಹೇಗೆ? ಕೆಲವರಿಗೆ ತಾನಾಗಿ ಇಳಿಯುತ್ತದೆ. ಕೀರ್ತಿ ಬರೆ ಹಾಕಿದವನಿಗೆ. ಇಳಿಯದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಚೀಟಿಯ ಕಡೆಗೆ ಬರೋಣ. ಗುಳಿಗೆಯ ಹೆಸರಿನ ಮುಂದೆ ಇಂಗ್ಲಿಷಿನ ಒಂಟಿ ಅಕ್ಷರಗಳಿರುತ್ತವೆ. ಅವು ಲ್ಯಾಟಿನ್ ಮಾತಿನ ಮೊದಲಕ್ಷರಗಳು. 'ಓ.ಡಿ.' ಎಂದರೆ ದಿನಕ್ಕೊಮ್ಮೆ. 'ಬಿ.ಡಿ.' ಎಂದರೆ ಎರಡು ಸಲ. ಸೇದುವ ಬೀಡಿಗೂ ಅದಕ್ಕೂ ನಂಟಿಲ್ಲ! 'ಟಿ.ಡಿ.ಎಸ್.' ಎಂದರೆ ಮೂರು ಸಲ. 'ಎಚ್.ಎಸ್.' ಎಂದರೆ ಮಲಗುವಾಗ. 'ಏ.ಸಿ.' ಊಟಕ್ಕೆ ಮೊದಲು, 'ಪಿ.ಸಿ.' ಊಟದ ಮೇಲೆ. 'ಎಸ್.ಓ.ಎಸ್.' ಎಂದರೆ ಬೇಕಾದಾಗ ಮಾತ್ರ, ಎಂದರೆ ನೋವೋ ಜ್ವರವೋ ಇದ್ದರೆ ಮಾತ್ರ. ಔಷಧದ ಹೆಸರನ್ನು ಕಂಪನಿಯ ಹೆಸರಿನಲ್ಲಲ್ಲದೆ ಮೂಲ ಹೆಸರಿನಲ್ಲಿ, ಓದಲು ಬರುವಂತೆ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು ೨೦೧೬ರಲ್ಲಿ ತನ್ನ ನಿಯಮವನ್ನು ತಿದ್ದಿತು. ಮೂಲ ಹೆಸರು ತಿಳಿದವನು ಅದೇ ಔಷಧವನ್ನು ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳಬಲ್ಲ. ನೋಡಿರಿ, ಇಲ್ಲಿಯೇ ಶಬ್ದ ಹಣವಾಗಿಬಿಟ್ಟಿತು.

ಹೆಸರು ರೋಗದ ಕಾರಣವನ್ನೇ ಮುಚ್ಚಿಡುವುದೂ ಉಂಟು. ಇದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹಳಿಯಾಳ, ಸೂಪಾ, ಮುಂಡಗೋಡ, ಯಲ್ಲಾಪುರಗಳು ಒಂದು ಕಾಲಕ್ಕೆ ಚಳಿಜ್ವರಕ್ಕೆ ಹೆಸರಾಗಿದ್ದವು. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು, ಆಳಿಲ್ಲದೆ ಬೀಳು ಬಿದ್ದ ಗದ್ದೆಗಳು ಹಿರಿಯರ ನೆನಪಿನಲ್ಲಿ ಉಳಿದಿವೆ. 'ಮಲೇರಿಯಾ' ಎಂಬುದು ಇಟಲಿಯ ಮಾತು. ಕೆಟ್ಟ ಗಾಳಿ ಎಂದರ್ಥ. ಅವರೂ ಗಾಳಿಯನ್ನು ಬೈದರು, ನಾವೂ ಕಾಡಿನ ನೀರು-ಗಾಳಿಯನ್ನು ಬೈದೆವು. ನಿಜವಾದ ಕಳ್ಳ ಸೊಳ್ಳೆ. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಈ ರೋಗದ ಜೀವಾಣುವನ್ನು ಕಂಡ. ಮುಂದೆ ೧೯೪೦ರ ದಶಕದ ಮಧ್ಯದಲ್ಲಿ, ಮುಂಬಯಿ ಪ್ರಾಂತದಲ್ಲಿದ್ದ ಕಾರವಾರ ಮತ್ತು ಧಾರವಾಡ ಜಿಲ್ಲೆಗಳಲ್ಲಿಯೇ ಡಾ. ಡಿ. ಕೆ. ವಿಶ್ವನಾಥನ್ನರು ಮನೆಗಳ ಒಳಗೆ ಡಿ.ಡಿ.ಟಿ. ಹೊಡೆಯುವ ದೊಡ್ಡ ಪ್ರಯೋಗವನ್ನು ನಡೆಸಿದರು. ಅದರ ಫಲ ಕಂಡದ್ದರಿಂದ, ೧೯೫೩ರಲ್ಲಿ ದೇಶಕ್ಕೆಲ್ಲ ಮಲೇರಿಯಾ ಹತೋಟಿಯ ಕಾರ್ಯಕ್ರಮ ಬರುವುದಕ್ಕೆ ಬಲ ಬಂತು. ಹೆಸರು ಇಂದಿಗೂ 'ಕೆಟ್ಟ ಗಾಳಿ' ಎಂದೇ ಉಳಿದಿದೆ. ಕೆಲಸ ಮಾತ್ರ ಸೊಳ್ಳೆಯ ಮೇಲೆ ನಡೆಯಿತು. ಕಾರಣ ತಿಳಿದ ಮೇಲೆ ಹಳೆಯ ಹೆಸರು ಕೆಡುಕು ಮಾಡಲಾರದು ಎಂಬುದು ಇದರ ಪಾಠ.

೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗಕ್ಕೆ ನಾವು 'ಮಂಗನ ಕಾಯಿಲೆ' ಎಂದೆವು, ಮಂಗಗಳು ಸಾಯುತ್ತಿದ್ದವಾದುದರಿಂದ. ಮನುಷ್ಯನಿಗೆ ಅದನ್ನು ಅಂಟಿಸುವುದು ಮುಖ್ಯವಾಗಿ ಉಣ್ಣಿ. ಸೌದೆಗೆ, ದರಕಿಗೆ ಕಾಡಿಗೆ ಹೋಗುವವರು ಹೆದರಬೇಕಾದುದು ಕೊಂಬೆಯ ಮೇಲಿನ ಮಂಗಕ್ಕಲ್ಲ, ಕಾಲಿಗೆ ಹತ್ತುವ ಉಣ್ಣಿಗೆ.

ಈಗ ಕಾಮಗಾರನ ಎದೆಯೊಳಗಿನ ಮಾತು. ಗಿರಣಿಯವನು ಕೆಮ್ಮಿದರೆ ಊರವರು 'ದಮ್ಮು' ಎನ್ನುತ್ತಾರೆ, ಅವಸರದಲ್ಲಿರುವ ವೈದ್ಯ 'ಅಸ್ತಮಾ' ಎಂದೋ 'ಟಿ.ಬಿ.' ಎಂದೋ ಬರೆಯುತ್ತಾನೆ. ಆದರೆ ಹತ್ತಿಯ ದೂಳಿನಿಂದ ಬರುವ ರೋಗಕ್ಕೆ ಬೇರೆಯೇ ಹೆಸರುಂಟು: 'ಬಿಸಿನೋಸಿಸ್'. ನಯವಾದ ನಾರುಬಟ್ಟೆಗೆ ಗ್ರೀಕರಲ್ಲಿದ್ದ ಶಬ್ದದಿಂದ ಅದು ಬಂದಿದೆ. ಅದರ ಗುರುತು ವಿಚಿತ್ರ. ವಾರದ ರಜೆ ಮುಗಿಸಿ ಕೆಲಸಕ್ಕೆ ಹತ್ತಿದ ಮೊದಲ ದಿನವೇ ಎದೆ ಬಿಗಿಯುತ್ತದೆ, ಆಮೇಲೆ ಸಡಿಲಾಗುತ್ತದೆ. ವರ್ಷಗಳು ಕಳೆದಂತೆ ಬಿಗಿತ ದಿನವೂ ನಿಲ್ಲುತ್ತದೆ. ಸೋಮವಾರ ರಜೆ ಕೇಳಿದವನನ್ನು ಮೈಗಳ್ಳನೆಂದು ಮುಕಾದಮ ಬೈದಿರಬಹುದು. ವೈದ್ಯಶಾಸ್ತ್ರದಲ್ಲಿ ಆ ಸೋಮವಾರವೇ ರೋಗದ ಸಾಕ್ಷಿ! ಕಲ್ಲು ಒಡೆಯುವವರಿಗೆ, ಕೊರೆಯುವವರಿಗೆ ಬರುವುದು 'ಸಿಲಿಕೋಸಿಸ್'. ಎಕ್ಸ್‌ರೇಯಲ್ಲಿ ಅದು ಕ್ಷಯದಂತೆ ಕಂಡು ಮೋಸ ಮಾಡುತ್ತದೆ. ಕ್ಷಯದ ಔಷಧದಿಂದ ಅದು ಹೋಗುವುದಿಲ್ಲ. ಬೂಸರು ಹಿಡಿದ ಹಳೆಯ ಕಬ್ಬಿನ ಸಿಪ್ಪೆಯ ದೂಳಿನಿಂದ 'ಬಗಾಸೋಸಿಸ್' ಬರುತ್ತದೆ. ಕಬ್ಬು ಮತ್ತು ಸಕ್ಕರೆ ಕಾರ್ಖಾನೆ ಇರುವ ಹಳಿಯಾಳದ ಸೀಮೆಯವರು ಈ ಶಬ್ದವನ್ನು ಗುರುತಿಟ್ಟುಕೊಳ್ಳಬೇಕು.

ಈ ಹೆಸರುಗಳ ಹಟ ನಮಗೆ ಯಾತಕ್ಕೆ? ೧೯೨೩ರ ಕಾಮಗಾರರ ಪರಿಹಾರ ಕಾಯಿದೆ ಉದ್ಯೋಗಜನ್ಯ ರೋಗಗಳ ಒಂದು ಪಟ್ಟಿ ಮಾಡಿತು. ಪಟ್ಟಿಯಲ್ಲಿಯ ರೋಗ, ಅಲ್ಲಿ ಹೇಳಿದ ಕೆಲಸದವನಿಗೆ ಬಂದರೆ ಯಂತ್ರಕ್ಕೆ ಕೈ ಸಿಕ್ಕ ಅಪಘಾತಕ್ಕೆ ಅದನ್ನು ಸಮಾನವಾಗಿ ಎಣಿಸಬೇಕೆಂದಿತು. ೧೯೪೮ರ ಕಾರ್ಮಿಕ ರಾಜ್ಯ ವಿಮಾ ಕಾಯಿದೆಯಲ್ಲಿಯೂ ಆ ಪಟ್ಟಿ ಬಂತು, ೨೦೨೦ರ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿಯೂ ಉಳಿದಿದೆ. ಮೇಲೆ ಹೇಳಿದ ಮೂರು ರೋಗಗಳೂ ಅದರಲ್ಲಿವೆ. ಬರಿಯ 'ದಮ್ಮು', ಬರಿಯ 'ಬ್ರಾಂಕೈಟಿಸ್' ಇಲ್ಲ. ಅಂದ ಮೇಲೆ ಸರ್ಟಿಫಿಕೇಟಿನ ಒಂದು ಶಬ್ದದ ಮೇಲೆ ಹೆಂಡತಿ ಮಕ್ಕಳ ಅನ್ನ ನಿಂತಿದೆ. ವೈದ್ಯನಿಗೆ ನೀವು ಏನು ಕೆಲಸ ಮಾಡುತ್ತೀರಿ, ಎಷ್ಟು ವರ್ಷದಿಂದ, ಯಾವ ದೂಳಿನಲ್ಲಿ ಎಂಬುದನ್ನು ಕೇಳುವ ಮೊದಲೇ ಹೇಳಿರಿ. ನೀವು ಹೇಳದಿದ್ದರೆ ಅವನಿಗೆ ಗೊತ್ತಾಗುವುದು ಹೇಗೆ? ಇಂಥ ರೋಗವನ್ನು ಕಂಡ ವೈದ್ಯ ಅದನ್ನು ಸರಕಾರಕ್ಕೆ ತಿಳಿಸಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆ ಅವನ ಮೇಲೆ ಹೊಣೆ ಹೊರಿಸಿತ್ತು.

ದೇಹದ ರೋಗ ಮತ್ತು ಮನಸ್ಸಿನ ರೋಗ ಎಂದು ನಾವು ಗೆರೆ ಎಳೆಯುತ್ತೇವೆ. ಆ ಗೆರೆ ಎಷ್ಟು ತೆಳ್ಳಗಿದೆ ಎಂಬುದಕ್ಕೆ ಮ್ಯಾಂಗನೀಸು ಸಾಕ್ಷಿ. ಜೋಯಿಡಾ ಸೀಮೆಯಲ್ಲಿ ಮ್ಯಾಂಗನೀಸು ಅದಿರಿನ ಗಣಿಗಾರಿಕೆ ನಡೆದಿತ್ತು. ದಾಂಡೇಲಿಯಲ್ಲಿ ಫೆರೋಮ್ಯಾಂಗನೀಸಿನ ಕಾರ್ಖಾನೆ ಇತ್ತು. ಆದುದರಿಂದ ಈ ಮಾತು ನಮ್ಮ ತಾಲೂಕುಗಳಿಗೆ ಹೊರಗಿನದಲ್ಲ. ೧೮೩೭ರಲ್ಲಿಯೇ ಗ್ಲಾಸ್ಗೋ ನಗರದ ವೈದ್ಯ ಜಾನ್ ಕೂಪರ್, ಈ ಅದಿರನ್ನು ಅರೆಯುತ್ತಿದ್ದ ಕೂಲಿಕಾರರ ಕಾಲು ಬಲಗುಂದಿ ನಡಿಗೆ ತಪ್ಪಿದುದನ್ನು ಬರೆದಿಟ್ಟ. ಇದರ ನುಣುಪು ದೂಳು ಬಹುಕಾಲ ಮೈಯೊಳಗೆ ಹೋದರೆ ಮೊದಲು ಕೆಡುವುದು ಅನೇಕರಲ್ಲಿ ಮನಸ್ಸು: ಕಾರಣವಿಲ್ಲದ ನಗು, ಅಳು, ಸಿಡುಕು, ನಿದ್ದೆಗೇಡು, ಇಲ್ಲದ್ದು ಕಾಣುವುದು. ಆಮೇಲೆ ಮುಖ ಕಲ್ಲಿನಂತಾಗಿ, ಮಾತು ತೊದಲಿ, ತುದಿಗಾಲಿನ ಕೋಳಿ ನಡಿಗೆ ಬರುತ್ತದೆ. ಚಿಲಿ ದೇಶದ ಗಣಿ ಕೂಲಿಕಾರರು ಇದಕ್ಕೆ 'ಮ್ಯಾಂಗನೀಸಿನ ಹುಚ್ಚು' ಎಂದೇ ಹೆಸರಿಟ್ಟರು. ಅವರ ಜಾಣ್ಮೆಯನ್ನು ನೋಡಿರಿ; ಹುಚ್ಚಿನ ಹಿಂದೆ ಕಾರಣದ ಹೆಸರನ್ನೂ ಕಟ್ಟಿದರು. ನಾವಾಗಿದ್ದರೆ ಗಾಳಿ ಹೊಡೆಯಿತೆಂದು ತಾಯಿತ ಕಟ್ಟಿಸಿ, ಅವನನ್ನು ಮತ್ತೆ ಅದೇ ದೂಳಿಗೆ ಕಳಿಸುತ್ತಿದ್ದೆವು. ಕಾಯಿದೆಯ ಪಟ್ಟಿಯಲ್ಲಿ ಇದೂ ಇದೆ.

'ಹುಚ್ಚು' ಎಂಬ ಒಂದೇ ಗೋಣಿಚೀಲದಲ್ಲಿ ನಾವು ಎಷ್ಟನ್ನು ತುಂಬಿದ್ದೇವೆ! ಇಂಗ್ಲಿಷರೂ ಕಡಿಮೆಯವರಲ್ಲ. ಅವರ 'ಲುನಾಟಿಕ್' ಎಂಬುದು ಚಂದ್ರನ ಹೆಸರಿನಿಂದ ಹುಟ್ಟಿದ ಶಬ್ದ. ಅಮಾವಾಸ್ಯೆ ಹುಣ್ಣಿಮೆಗೆ ಹುಚ್ಚು ಕೆರಳುತ್ತದೆಂಬ ನಮ್ಮ ನಂಬಿಕೆಯೇ ಅಲ್ಲಿಯೂ ಇತ್ತು. ಆ ಶಬ್ದವನ್ನಿಟ್ಟುಕೊಂಡೇ ೧೯೧೨ರ ಕಾಯಿದೆ ಈ ದೇಶವನ್ನು ೧೯೯೩ರ ತನಕ ಆಳಿತು. ಆಮೇಲೆ ಮಾನಸಿಕ ಆರೋಗ್ಯದ ಕಾಯಿದೆ, ೨೦೧೭ರಲ್ಲಿ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆ. ಹೆಸರಿನೊಡನೆ ಒಳಗಿನದೂ ಬದಲಾಯಿತು. ಹೊಸ ಕಾಯಿದೆಯ ಪ್ರಕಾರ ರೋಗಿಯ ಒಪ್ಪಿಗೆ ಎಂದರೆ ಅವನಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಹೇಳಿ ಪಡೆದ ಒಪ್ಪಿಗೆ. ವಿಮೆಯ ಕಂಪನಿಗಳು ದೇಹದ ರೋಗಕ್ಕೆ ಕೊಡುವಂತೆ ಮನಸ್ಸಿನ ರೋಗಕ್ಕೂ ವಿಮೆ ಒದಗಿಸಬೇಕೆಂದು ಅದು ಹೇಳುತ್ತದೆ. ಪಾಲಿಸಿ ಕೊಳ್ಳುವ ವ್ಯಾಪಾರಸ್ಥರು ಇದನ್ನು ಗಮನಿಸಬೇಕು. ಜೀವ ಕಳಕೊಳ್ಳಲು ಹೋಗಿ ಉಳಿದವನನ್ನು ಅಪರಾಧಿಯೆಂದಲ್ಲ, ತೀವ್ರ ಸಂಕಟದಲ್ಲಿದ್ದವನೆಂದು ತಿಳಿಯತಕ್ಕದ್ದೆಂದೂ ಅದು ಹೇಳುತ್ತದೆ.

ಶಬ್ದ ಸಂಸಾರ ಒಡೆಯುತ್ತದೆ ಎಂದೆವಲ್ಲ, ಅದು ಅತಿಶಯೋಕ್ತಿಯಲ್ಲ. 'ಎಪಿಲೆಪ್ಸಿ', ನಮ್ಮ ಮೂರ್ಛೆರೋಗ, ಗ್ರೀಕಿನಲ್ಲಿ 'ಹಿಡಿಯುವುದು' ಎಂಬ ಮಾತಿನಿಂದ ಬಂದಿದೆ. ನಾವೂ 'ಹಿಡಿಯಿತು' ಎನ್ನುತ್ತೇವೆ. ಅದು ಮಿದುಳಿನ ವಿದ್ಯುತ್ತಿನ ಏರುಪೇರು. ಬಹುಜನರಲ್ಲಿ ಗುಳಿಗೆಯಿಂದ ಹತೋಟಿಗೆ ಬರುತ್ತದೆ. ಹಾಗಿದ್ದೂ ಹಿಂದೂ ವಿವಾಹ ಕಾಯಿದೆಯಲ್ಲಿ ಈ ಶಬ್ದ ಮದುವೆಗೆ ಅಡ್ಡಿಯಾಗಿ ಕುಳಿತಿತ್ತು. ಅದನ್ನು ತೆಗೆದದ್ದು ೧೯೯೯ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣಗಳಿಂದ ತೆಗೆದದ್ದು ೨೦೧೯ರಲ್ಲಿ. ಆ ರೋಗದ ಜೀವಾಣುವನ್ನು ನಾರ್ವೆಯ ಹ್ಯಾನ್ಸನ್ ೧೮೭೩ರಲ್ಲಿಯೇ ಕಂಡಿದ್ದ, ಅದನ್ನು ಗುಣಪಡಿಸುವ ಔಷಧಗಳು ಬಂದೂ ದಶಕಗಳಾಗಿದ್ದವು. ವಿಜ್ಞಾನ ಮುಂದೆ ಹೋದರೂ ಶಬ್ದದ ಕಳಂಕ ಹಿಂದೆ ಉಳಿಯುವುದು ಹೀಗೆ. 'ಹಿಸ್ಟೀರಿಯಾ' ಎಂಬುದು ಗರ್ಭಕೋಶಕ್ಕೆ ಗ್ರೀಕರಿಟ್ಟ ಹೆಸರಿನಿಂದ ಬಂತು. ಹೆಣ್ಣಿನ ದುಃಖಕ್ಕೆಲ್ಲ ಆ ಅಂಗವೇ ಕಾರಣವೆಂದರು. ೧೯೮೦ರಲ್ಲಿ ಅಮೇರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಿಂದ ಆ ಹೆಸರನ್ನು ಕೈಬಿಟ್ಟರು. ನಮ್ಮಲ್ಲಿ ಇನ್ನೂ ಬೈಗುಳವಾಗಿ ಬಳಕೆಯಲ್ಲಿದೆ.

'ಸ್ಕಿಜೋಫ್ರೀನಿಯಾ' ಎಂಬ ಶಬ್ದವನ್ನು ೧೯೦೮ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಕಟ್ಟಿದ. ಒಡೆದ ಮನಸ್ಸು ಎಂದರ್ಥ. ಸಿನಿಮಾದವರು ಇದನ್ನು ಒಂದು ದೇಹದಲ್ಲಿ ಇಬ್ಬರು ಎಂದು ತೋರಿಸಿದರು. ಅದಲ್ಲ. ಯೋಚನೆ, ಭಾವನೆ, ನಡತೆಗಳ ಹೊಂದಿಕೆ ತಪ್ಪುವುದು ಅದು. ಜಪಾನಿನವರು ತಮ್ಮ ಭಾಷೆಯಲ್ಲಿ ಇದನ್ನು 'ಸೀಳಿದ ಮನಸ್ಸಿನ ರೋಗ' ಎಂದು ಕರೆಯುತ್ತಿದ್ದರು. ರೋಗಿಗಳ ಮನೆಯವರ ಒತ್ತಾಯದಿಂದ ೨೦೦೨ರಲ್ಲಿ 'ಹೊಂದಿಕೆ ತಪ್ಪಿದ ಸ್ಥಿತಿ' ಎಂದು ಬದಲಿಸಿದರು. ಆ ಬಳಿಕ ರೋಗಿಗೆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವ ವೈದ್ಯರ ಸಂಖ್ಯೆ ಏರಿತು. ಹೆಸರು ಹೇಳಲು ನಾಚಿಕೆ ಇಲ್ಲದಾಗ ಚಿಕಿತ್ಸೆಗೂ ನಾಚಿಕೆ ಇರುವುದಿಲ್ಲ.

ಕನ್ನಡದಲ್ಲಿ ಏನಾಗಿದೆ? 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ 'ರಾಶಿ', ಡಾ. ಎಂ. ಶಿವರಾಂ, ಮನೋವೈದ್ಯಕೀಯವನ್ನು ಕನ್ನಡದಲ್ಲಿ ಬರೆದು 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರರು ಜನಸಾಮಾನ್ಯರಿಗೆಂದೇ ಬಹಳ ಬರೆದಿದ್ದಾರೆ. ಅದೇ ನಿಮ್ಹಾನ್ಸ್ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ನಡೆಸಿ ತೋರಿಸಿತು. ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಭಾಷೆಗೆ ಶಕ್ತಿಯಿಲ್ಲವೆಂಬ ಮಾತು ಸುಳ್ಳು. ಆದರೆ ಒಂದು ಎಚ್ಚರ ಬೇಕು. ಇಂಗ್ಲಿಷ್ ಶಬ್ದದ ಬದಲು 'ಛಿದ್ರಮನಸ್ಕತೆ' ಎಂಬ ಕಲ್ಲನ್ನಿಟ್ಟರೆ ಕಾಮಗಾರನಿಗೆ ಏನು ಹಗುರಾಯಿತು? 'ಖಿನ್ನತೆ' ಎಂಬುದು ಒಳ್ಳೆಯ ಶಬ್ದವೇ. ಆದರೆ ನಮ್ಮ ಹೆಣ್ಣುಮಕ್ಕಳು ದವಾಖಾನೆಯಲ್ಲಿ ಖಿನ್ನತೆ ಎನ್ನುವುದಿಲ್ಲ. ಎದೆ ಭಾರ, ಕೈಕಾಲು ಸೋತವು, ಊಟ ಸೇರದು, ಯಾವುದೂ ಬೇಡ ಎನ್ನುತ್ತಾರೆ. ಇಂಥ ಸ್ಥಿತಿ ಎರಡು ವಾರ ಮೀರಿ ದಿನವೂ ಇದ್ದರೆ ಅದು ಸೋಮಾರಿತನವಲ್ಲ, ಚಿಕಿತ್ಸೆ ಇರುವ ರೋಗ ಇರಬಹುದೆಂದು ತಿಳಿಯಬೇಕು. ಹಳಿಯಾಳದಿಂದ ಧಾರವಾಡ ದೂರವಿಲ್ಲ. ಬ್ರಿಟಿಷರ ಕಾಲದ ಅಲ್ಲಿಯ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿದೆ. ಅಲ್ಲಿಗೆ ಹೋಗಲಾಗದವರು ೧೪೪೧೬ ಎಂಬ ಟೆಲಿಮಾನಸ್ ನಂಬರಿಗೆ ಹಗಲು ರಾತ್ರಿ ಹಣವಿಲ್ಲದೆ ಫೋನ್ ಮಾಡಬಹುದು. ೨೦೨೨ರಲ್ಲಿ ಆರಂಭವಾದ ಈ ಸೇವೆ ಕನ್ನಡದಲ್ಲಿಯೂ ದೊರೆಯುತ್ತದೆ.

ಕೊನೆಯದಾಗಿ, ಮಾಡತಕ್ಕದ್ದೇನು? ದವಾಖಾನೆಯಲ್ಲಿ ಐದು ಪ್ರಶ್ನೆಗಳನ್ನು ಕೇಳುವ ರೂಢಿ ಮಾಡಿಕೊಳ್ಳಿರಿ. ಈ ರೋಗದ ಹೆಸರೇನು? ಆ ಹೆಸರಿನ ಅರ್ಥ ನಮ್ಮ ಮಾತಿನಲ್ಲಿ ಏನು? ಅದಕ್ಕೆ ಕಾರಣ ನನ್ನ ಕೆಲಸವೇ? ಈ ಗುಳಿಗೆ ಎಷ್ಟು ದಿನ, ಎಷ್ಟು ಸಲ? ಬಿಟ್ಟರೆ ಏನಾದೀತು? ಕೇಳುವಾಗ ಸಿಟ್ಟು ಬೇಡ, ಅಂಜಿಕೆಯೂ ಬೇಡ. ನೂರು ಜನರ ಸಾಲಿನ ಮುಂದೆ ಒಬ್ಬನೇ ಕುಳಿತ ಸರಕಾರಿ ವೈದ್ಯನೂ ನಮ್ಮಂತೆ ದುಡಿಯುವವನೇ. ಉತ್ತರ ಹೇಳಲು ಅವನಿಗೆ ಸಮಯ ಸಿಗಬೇಕಾದರೆ ವೈದ್ಯರ ಸಂಖ್ಯೆ ಹೆಚ್ಚಬೇಕು, ಅದನ್ನು ಕೇಳುವ ಹಕ್ಕೂ ನಮ್ಮದೇ. ಓದು ಬಲ್ಲ ತರುಣರು ಓದು ಬಾರದ ನೆರೆಯವರ ಚೀಟಿಯನ್ನು ಓದಿ ಹೇಳಲಿ. ಎಕ್ಸ್‌ರೇ, ಚೀಟಿ, ಸರ್ಟಿಫಿಕೇಟುಗಳನ್ನು ಹಂಚಿನ ಸಂದಿಗೆ ಸಿಕ್ಕಿಸದೆ ರೇಶನ್ ಕಾರ್ಡಿನಷ್ಟೇ ಜೋಪಾನವಾಗಿಡಿರಿ. ಮತ್ತು ನೆರೆಮನೆಯ ರೋಗಕ್ಕೆ ಹೆಸರಿಡುವ ಮೊದಲು ಪ್ರತಿಯೊಬ್ಬರೂ ಒಂದು ಗಳಿಗೆ ನಾಲಿಗೆ ಹಿಡಿಯಿರಿ. ವೈದ್ಯನ ತಪ್ಪು ಶಬ್ದವನ್ನು ಇನ್ನೊಬ್ಬ ವೈದ್ಯ ತಿದ್ದಬಹುದು, ಊರು ಅಂಟಿಸಿದ ಶಬ್ದವನ್ನು ತಿದ್ದಲು ಯಾವ ಡಾಕ್ಟರನಿಂದಲೂ ಆಗದು.